ಮೂರು ಮನೆ ಎಲೆ

ಕತೆಗೆ ಕಾಲಿಲ್ಲ, ನೀವು ಹೂಂ ಅಂದ್ರೆ ನಡೀತದೆ. ಹೂಂ ಅನ್ನಿ ಮತ್ತೆ.

ಎಲ್ಲೋ ಒಂದು ಸೀಮೆ, ಅಲ್ಲೊಂದು ಹೊಳೆ, ಹೊಳೆದಂಡೇಲಿ ಒಂದೂರು. ಆ ಊರಲ್ಲೊಂದು ಕಟ್ಟಳೆ ಇತ್ತು. ಹೆಂಡ್ತೀನ ಕರ್ಕೊಂಡೋಗೋಕೆ ಬಂದ ಹೊಸ ಅಳಿಯ ಮೂರು ಮನೇಲಿ ಉಣ್ಣಬೇಕು. ದೊಡ್ಡಮಾವನ ಮನೇಲಿ ಮೀನುಸಾರು, ಸ್ವಂತ ಮಾವನ ಮನೇಲಿ ಹಾಲುಪಾಯಸ, ಚಿಕ್ಕಮಾವನ ಮನೇಲಿ ಹಲಸಿನಹಣ್ಣು, ಗಟ್ಟಿಮೊಸರು. ಎಲೇಲಿ ಒಂದಗುಳು ಬಿಟ್ರೂ ಹೆಣ್ಣು ಕಳಿಸೋರಲ್ಲ. ಇನ್ನೂ ಕೇಳಿ, ಅಳಿಯ ಉಣ್ಣೋವರೆಗೂ ಆ ಮನೇಲಿ ಯಾರೂ ತುತ್ತೆತ್ತೋ ಹಾಗಿಲ್ಲ.

ಜವರ ಅನ್ನೋ ಅಳಿಯ ಹೋದ ವರ್ಷ ಹಿಂಗೇ ಬಂದಿದ್ದ. ಮೀನಿನ ಮೇಲೆ ಹಾಲು, ಹಾಲಿನ ಮೇಲೆ ಹಲಸು. ಮೂರನೇ ಎಲೆ ಅರ್ಧಕ್ಕೇ ಬಿಟ್ಟು ಬೇಲಿಗೆ ಓಡಿದ. ಹೆಂಡ್ತಿ ಹೊನ್ನಿ ಒಂದು ವರ್ಷ ತವರಲ್ಲೇ ಉಳಿದ್ಲು. ಪಾಪ, ಅವನಿಗೆ ಹೊಟ್ಟೆನೋವಿಗಿಂತ ಅದೇ ನೋವು ಜಾಸ್ತಿ ಆಯ್ತು.

ಈ ಸಲ ಹೊರಡುವಾಗ ಅವನಜ್ಜಿ, ನಾರುಬೇರು ಬಲ್ಲ ಮುದುಕಿ, ಕೂರಿಸ್ಕೊಂಡು ಹೇಳಿದ್ಲು. "ಮೀನುಂಡ ಹೊಟ್ಟೆಗೆ ಹಾಲು ಹುಯ್ಬೇಡ. ಹಾಲುಂಡ ಹೊಟ್ಟೆಗೆ ಹಲಸು ತುಂಬಬೇಡ. ಉಂಡದ್ದು ಅರಗದೆ ಮತ್ತೆ ಉಣ್ಣಬೇಡ. ಊಟ ಬಲ್ಲವನಿಗೆ ರೋಗವಿಲ್ಲ ಕಣ್ಲಾ."

"ಹಂಗಾದ್ರೆ ಹೊನ್ನಿ ಬರೋದೆಂಗಜ್ಜಿ?"

"ಮೂರು ಮನೇಲಿ ಉಣ್ಣು ಅಂದವ್ರೆ. ಯಾವಾಗ ಅಂತ ಅಂದವ್ರಾ?"

ಬೆಳಿಗ್ಗೆ ಜವರ ದೊಡ್ಡಮಾವನ ಮನೇಲಿ ಮೀನುಸಾರು ಉಂಡು ಎಲೆ ಚೊಕ್ಕ ಮಾಡಿದ. ಆಮೇಲೆ ಮಾವ ಕಾಳೇಗೌಡನ ಮನೆಗೆ ಬಂದ. ಪಾಯಸ ಘಮ್ಮಂತಿತ್ತು. ಇವನು ಜಗಲಿ ಮೇಲೆ ಕೂತ್ಕೊಂಡ. ಬಾಗಿಲ ಹಿಂದಿಂದ ಹೊನ್ನಿ ಮೆತ್ತಗೆ ಕೇಳಿದ್ಲು, "ಈ ಸಲನೂ ನನ್ನ ಬಿಟ್ಟೋಯ್ತೀರಾ?"

"ನಿನ್ನ ಕರ್ಕೊಂಡೇ ಎದ್ದೇಳೋದು. ಗಂಟು ಕಟ್ಟು."

ಗೌಡ ದಿನಕ್ಕೆ ಐದೊತ್ತು ಉಣ್ಣೋನು. ಮೂರೊತ್ತು ಉಂಡವ ರೋಗಿ ಅಂತಾರೆ, ಐದೊತ್ತಿನವನಿಗೆ ಏನಂತೀರೋ ನೀವೇ ಹೇಳಿ. ಹೊತ್ತು ನೆತ್ತಿಗೆ ಬಂತು. ಗೌಡ ಹೊರಗೆ ಬಂದ. "ಅಳಿಯಂದಿರೇ, ಹಸಿವಾಯ್ತಾ?"

"ಇಲ್ಲ ಮಾವ. ಮೀನಿನ್ನೂ ಈಜ್ತಾ ಅದೆ."

ಹೊತ್ತು ವಾಲಿತು. "ಅಳಿಯಂದಿರೇ, ಈಗ್ಲಾದ್ರೂ ಹಸಿವಾಯ್ತಾ?"

"ದಡ ಸೇರಿಲ್ಲ ಮಾವ."

ಹೊತ್ತು ಮುಳುಗ್ತಾ ಬಂತು. ಗೌಡನ ಹುಳಿತೇಗು ನಿಂತೋಗಿತ್ತು, ಗೋಡೆ ಹಿಡ್ಕೊಂಡು ಬಂದ. "ಅಳಿಯಂದಿರೇ, ನಿಮ್ಮ ಕಾಲಿಗೆ ಬೀಳ್ತೀನಿ, ಹಸಿವಾಯ್ತಾ?"

"ಆಯ್ತು ಮಾವ. ಆದ್ರೆ ಮೀನುಂಡ ದಿನ ಹಾಲು ಬೇಡ ಅಂತ ನಮ್ಮಜ್ಜಿ ಆಣೆ ಹಾಕವ್ಳೆ. ನಾಳೆ ಬೆಳಿಗ್ಗೆ ಪಾಯಸ ಉಣ್ತೀನಿ. ಅಲ್ಲೀಗಂಟ ಕಾಯಾಣ."

ನಾಳೆ ಅನ್ನೋ ಮಾತು ಕೇಳಿ ಗೌಡ ಕುಸಿದು ಕೂತ. "ಪಾಯಸ ಮನೆ ಹಾಳಾಗ್ಲಿ! ಏನುಣ್ತೀಯ ಹೇಳಪ್ಪ."

"ಬಿಸಿಮುದ್ದೆ, ಸೊಪ್ಪಿನ ಸಾರು."

ಇಬ್ರೂ ಒಟ್ಟಿಗೇ ಕೂತ್ರು. ಗೌಡ ಮೊದಲ ತುತ್ತು ನುಂಗಿದ. ಕಣ್ಣಲ್ಲಿ ನೀರು ಬಂತು. "ಲೇ, ಸೊಪ್ಪಿನ ಸಾರು ಇಷ್ಟು ರುಚಿ ಅಂತ ಮೂವತ್ತು ವರ್ಷ ಯಾಕೆ ಹೇಳಲಿಲ್ಲ?" ಅಂತ ಹೆಂಡ್ತೀನ ಕೇಳಿದ.

"ಮೂವತ್ತು ವರ್ಷದಿಂದ ಅದೇ ಸಾರೇ ಇಕ್ತಿದೀನಿ. ನೀವು ಹಸಿದು ಕೂತಿದ್ದು ಇವತ್ತೇ," ಅಂದ್ಲು ಆಕೆ.

ಕೈ ತೊಳೆಯೋ ಹೊತ್ತಿಗೆ ಚಿಕ್ಕಮಾವ ಏದುಸಿರು ಬಿಡ್ತಾ ಬಂದ. ಅವನ ಮನೇಲೂ ಬೆಳಗಿಂದ ಯಾರೂ ಉಂಡಿರಲಿಲ್ಲ. "ಅಣ್ಣ, ನಮ್ಮನೆ ಎಲೆ ಚೊಕ್ಕ ಆಯ್ತು ಅಂತಾನೇ ತಿಳ್ಕೋ. ಮೊದಲು ಆ ಹೆಣ್ಣು ಕಳಿಸು, ನಾವು ಉಣ್ಣಬೇಕು!" ಹೊನ್ನಿ ಗಂಟೆತ್ಕೊಂಡು ಗಂಡನ ಹಿಂದೆ ಹೊರಟ್ಲು.

ಆವತ್ತಿಂದ ಆ ಊರಲ್ಲಿ ಅಳಿಯ ಬಂದ್ರೆ ಮೊದಲು ಹಸಿವಾ ಅಂತ ಕೇಳ್ತಾರೆ, ಆಮೇಲೆ ಎಲೆ ಹಾಕ್ತಾರೆ. ಜವರ, ಹೊನ್ನಿ ತಮ್ಮೂರಲ್ಲಿ ಹಸಿದು ಉಣ್ತಾವ್ರೆ. ನಾವಿಲ್ಲಿ ಕತೆ ಹೇಳಿ ಹಸಿದಿದೀವಿ. ಏಳಿ, ಎಲೆ ಹಾಕಿ.