ಎಡಕ್ಕೆ ವಾಲಿದ ಹೆಣಿಗೆ

ದ್ವೀಪದ ಕರಕುಶಲ ಸಂತೆ ಮುಗಿಸಿ ಕೊನೆಯ ದೋಣಿಗೆ ಸಾಲುಗಟ್ಟಿದ್ದವರಲ್ಲಿ, ಮಡಕೆ ಮಾರಲು ಬಂದಿದ್ದ ಕುಂಬಾರನ ಮುಂದೆಯೇ ಗಂಡಹೆಂಡತಿ ನಿಂತಿದ್ದರು. ಹೆಂಡತಿ ಆಗತಾನೇ ಕೊಂಡ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ರೀ, ಇದು ನಮ್ಮ ಮಗಳ ಕೈಯದು.”

“ನಿಂಗೆಲ್ಲೋ ಭ್ರಾಂತು. ಬುಟ್ಟಿ ಎಲ್ಲಾ ಒಂದೇ.”

“ನನ್ನೆದುರು ಕೂತು, ಕನ್ನಡೀಲಿ ಕಂಡಂಗೆ ತಿರುಗುಮುರುಗಾಗಿ ಕಲಿತೋಳು. ಅದಕ್ಕೇ ಹೆಣಿಗೆ ಎಡಕ್ಕೆ ವಾಲಿದೆ. ತಿದ್ದಿ ತಿದ್ದಿ ನಂಗೇ ಸಾಕಾಗಿತ್ತು.”

“ದೋಣಿ ಬಂತು, ನಡಿ.”

“ಹೆಣೆದೋಳು ಕತ್ತಲಾಗೋ ಹೊತ್ತಿಗೆ ಅಂಗಡಿಗೆ ಬರ್ತಾಳಂತೆ. ಅಂಗಡಿಯವನೇ ಹೇಳ್ದ.”

ಗಂಡ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಬಂದ.

“ಹೊಸ್ತಿಲು ತುಳೀಬೇಡ ಅಂದೋನು ನಾನು. ನನ್ನ ಮುಖ ನೋಡ್ತಾಳಾ?”

“ಬೈತಾಳೆ. ಬೈಸ್ಕೊಳ್ಳಿ.”

ಕುಂಬಾರ ಕೇಳಿಸದವನಂತೆ ಕಡಲು ನೋಡಿದ.

“ನೀವು ಮುಂದೆ ಹೋಗಿ ಅಣ್ಣ,” ಎಂದು ಗಂಡ ಅವನಿಗೆ ಜಾಗ ಬಿಟ್ಟ. ಇಬ್ಬರೂ ಸಂತೆಯತ್ತ ಬಿರಬಿರನೆ ಹೊರಟರು.