ಆಗಲೇ ಇದೆ

ನಂಬದವರು ನಮ್ಮ ಚಿಕ್ಕಮ್ಮನ ಮಗಳನ್ನೇ ಕೇಳಿ. ಆಂಬುಲೆನ್ಸ್ ಕೇಂದ್ರಕ್ಕೆ ಬರುವ ಕರೆ ಹಿಡಿದು, ಹತ್ತಿರದ ಗಾಡಿಗೆ ವಿಳಾಸ ಕಳಿಸುವ ಸರ್ವರ್ ಅವಳ ಜವಾಬ್ದಾರಿ. ಅಂದು ರಾತ್ರಿ ಹಳೆಯದನ್ನು ಅಳಿಸಿ, ಅದೇ ಹೆಸರಲ್ಲಿ ಹೊಸದು ಹುಟ್ಟಿಸಬೇಕಿತ್ತು. ಏನು ಬೇಕು ಅಂತ ಬರೆದುಕೊಟ್ಟರೆ ಎಲ್ಲ ತಾನೇ ಮಾಡುವ ಟೂಲ್ ಇದೆ. ಅದಕ್ಕೆ ಒಪ್ಪಿಸಿ ಮನೆಗೆ ಹೊರಟಳು, ಜಾಣೆ.

ಹನ್ನೆರಡೂವರೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ ದಾಟುವಾಗ ಫೋನು ಗುಂಯ್... ಅಂತು. ಹಳೆಯದು ಅಳಿದಿದೆ. ಹೊಸದು ಅರ್ಧಕ್ಕೆ ನಿಂತಿದೆ.

ಬಾವಿಕಟ್ಟೆ ಮೇಲೇ ಲ್ಯಾಪ್‌ಟಾಪ್ ಬಿಚ್ಚಿದಳು. ಮತ್ತೆ ಹುಟ್ಟಿಸು ಅಂದಳು. 'ಈ ಹೆಸರಿನದು ಆಗಲೇ ಇದೆ' ಅಂತು ಟೂಲ್. ಸರಿ, ಅಳಿಸು. 'ಅಂಥದ್ದು ಇಲ್ಲ.' ಹುಟ್ಟಿಸು... 'ಆಗಲೇ ಇದೆ.' ಅಳಿಸು... 'ಇಲ್ಲ.' ಕೆಳಗೆ ಬಾವಿಯಲ್ಲಿ ಟಪ್... ಟಪ್... ಈ ಹೊತ್ತಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಫೋನ್ ಮಾಡಿದರೆ? ಎತ್ತುವವರೇ ಇಲ್ಲ. ಅವಳ ಕೈ ಗಡಗಡ ನಡುಗತೊಡಗಿತು.

ತಂಡದ ಹಿರಿಯನಿಗೆ ಫೋನ್ ಮಾಡಿದಳು. ಎಲ್ಲರೂ ಅವನನ್ನು ದೊಡ್ಡಣ್ಣ ಅಂತಲೇ ಕರೆಯುವುದು. ಪಕ್ಕದಲ್ಲಿ ಮಗು ಮಲಗಿತ್ತೇನೋ, ಪಿಸುಗುಟ್ಟಿದ.

"ಎಷ್ಟು ಸಲ ಕರೆದೆ ಅದನ್ನ?"

"ಹನ್ನೊಂದು."

"ನಿನ್ನ ತಾಳ್ಮೆಗೆ ದೊಡ್ಡ ನಮಸ್ಕಾರ ತಾಯೀ... ಇನ್ನು ಆ ಹೆಸರು ಎತ್ತಬೇಡ. ಬೇರೆ ಹೆಸರಿಟ್ಟು ಹುಟ್ಟಿಸು."

"ಆ ಅರ್ಧದ್ದು, ದೊಡ್ಡಣ್ಣಾ?"

"ಇದ್ದರೆ ಇರಲಿ."

ಹೊಸ ಹೆಸರಿಗೆ ನಾಲ್ಕೇ ನಿಮಿಷದಲ್ಲಿ ಜೀವ ಬಂತು. ಅಷ್ಟರಲ್ಲಿ ಊರು ನಲವತ್ತು ನಿಮಿಷ ಆಂಬುಲೆನ್ಸ್ ಇಲ್ಲದೆ ಇತ್ತು. ಅವಳು ಲ್ಯಾಪ್‌ಟಾಪ್ ಬಾಚಿಕೊಂಡು ಗಲ್ಲಿ ತಿರುಗಿದಾಗ ಹಿಂದೆ, ಬಾವಿಯ ಹತ್ತಿರ, ಯಾವುದೋ ಗಾಡಿ ನಿಂತ ಸದ್ದು. ಗುರ್ರ್... ಬಾಗಿಲು ಧಡ್. ತಿರುಗಿ ನೋಡಲಿಲ್ಲ.

ಬೆಳಿಗ್ಗೆ ರಾಜೀನಾಮೆ ಪತ್ರ ಹಿಡಿದು ಕೇಂದ್ರಕ್ಕೇ ಹೋದಳು. ಎಷ್ಟು ಕರೆ ತಪ್ಪಿದವು, ಯಾರಿಗೆ ಏನಾಯಿತು ಅಂತ ಕೇಳಿದಳು. ಅಲ್ಲಿನ ಮೇಲ್ವಿಚಾರಕಿ ಪಟ್ಟಿ ತೆಗೆದು, ಒಂದೂ ತಪ್ಪಿಲ್ಲವಲ್ಲ ಅಂದರು. ಆ ನಲವತ್ತು ನಿಮಿಷದಲ್ಲಿ ಮೂರು ಗಾಡಿ ಹೋಗಿದ್ದವು. ಉಸಿರುಗಟ್ಟಿದ್ದ ಮಗು ಉಳಿದಿತ್ತು. ಬಿದ್ದಿದ್ದ ಮುದುಕರೊಬ್ಬರೂ ಉಳಿದಿದ್ದರು.

ಮೂರನ್ನೂ ಕಳಿಸಿದ್ದು ಹಳೇ ಹೆಸರಿನ ಸರ್ವರ್.

"ಈ ಕೊನೆಯದು ಮಾತ್ರ ಸುಳ್ಳು ಕರೆ ಕಣಮ್ಮಾ," ಅಂದರು ಮೇಲ್ವಿಚಾರಕಿ. "ಡ್ರೈವರ್ ಹೋದರೆ ಅಲ್ಲಿ ಯಾರೂ ಇರಲಿಲ್ಲವಂತೆ."

ಅವಳು ಓದಿದಳು. ಆ ಸಾಲಿನ ಫೋಟೊ ಈಗಲೂ ನನ್ನ ಫೋನಿನಲ್ಲಿದೆ, ಬೇಕಾದರೆ ತೋರಿಸುತ್ತೇನೆ. ಕರೆ ಮಾಡಿದ ನಂಬರಿನ ಜಾಗ ಖಾಲಿ. ವಿಳಾಸ: ಜಾಲರಿ ಬಾವಿ. ವಿವರ: ಹೆಂಗಸು, ಒಬ್ಬರೇ. ಕೈ ನಡುಗುತ್ತಿದೆ.