ಉದ್ದ ತೋಳಿನ ಸ್ವೆಟರ್

ಹಳೇ ಕಾಡಿನ ಗೇಟು ತೆರೆಯುವುದನ್ನೇ ಕಾಯುತ್ತಾ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ತಾಯಿ, ಪಕ್ಕದಲ್ಲಿ ಅವರ ಮಗಳು. ಅಂಥ ಬಿಸಿಲಿನಲ್ಲೂ ತಾಯಿಯ ಚೀಲದಿಂದ ನೀಲಿ ಉಣ್ಣೆಯ ಸ್ವೆಟರೊಂದು ಇಣುಕುತ್ತಿತ್ತು.

“ಈ ಸೆಕೇಲಿ ಅಪ್ಪನ ಸ್ವೆಟರ್ ಯಾಕಮ್ಮ ಹೊತ್ಕೊಂಡು ಬಂದೆ?”

“ಆ ದೊಡ್ಡ ಮರನ ತಬ್ಬೋಕೆ ಮೂರು ಜನ ಬೇಕಲ್ವೇನೇ? ಪ್ರತಿ ವರ್ಷ ನಾವು ಮೂವರೂ ಕೈ ಹಿಡ್ಕೊಂಡ್ರೆ ಸರಿಯಾಗಿ ಒಂದು ಸುತ್ತು ಬರ್ತಿತ್ತು. ಈಗ ಅವ್ರಿಲ್ಲ.”

“ಗೈಡನ್ನ ಕರೆದ್ರಾಯ್ತು. ಬೇಡ ಅಂತಾನಾ?”

“ಯಾರದೋ ಕೈ ನಾನ್ಯಾಕೆ ಹಿಡೀಲಿ? ನಿಮ್ಮಪ್ಪ ಮರದ ಆಚೆ ನಿಂತು ನನ್ನ ಬೆರಳು ಚಿವುಟೋರು. ಕೇಳಿದ್ರೆ, ಇರುವೆ ಕಚ್ಚಿರ್ಬೇಕು ಅನ್ನೋರು.”

“ನಂಗೂ ಅದೇ ಇರುವೆ ಕಚ್ತಿತ್ತು.”

ಇಬ್ಬರೂ ನಕ್ಕರು. ತಾಯಿ ಸ್ವೆಟರನ್ನು ಚೀಲದಿಂದ ಅರ್ಧ ಹೊರಗೆಳೆದರು.

“ಒಂದು ತೋಳು ನೀನು ಹಿಡ್ಕೊ, ಇನ್ನೊಂದು ನಾನು ಹಿಡ್ಕೋತೀನಿ.”

“ಸಾಲುತ್ತಾ ಅಮ್ಮ?”

“ಸಾಲುತ್ತೆ. ಅಳತೆ ತಪ್ಪಿ ತೋಳು ಗೇಣುದ್ದ ಜಾಸ್ತಿ ಹೆಣೆದುಬಿಟ್ಟಿದ್ದೆ. ಇದನ್ನ ಯಾವ ಕೋತಿಗೆ ಹೆಣೆದೆ ಅಂತ ಇಪ್ಪತ್ತು ವರ್ಷ ಆಡ್ಕೊಂಡ್ರು.”

“ಆಡ್ಕೊಂಡೇ ಹಾಕ್ಕೊಂಡ್ರು.”

“ಆಸ್ಪತ್ರೆಗೂ ಅದನ್ನೇ ಹಾಕ್ಕೊಂಡು ಹೋದ್ರು. ನೋಡು, ತೋಳು ಅವ್ರು ಮಡಿಚಿದ ಹಾಗೇ ಇದೆ.”

ಮಗಳು ತೋಳನ್ನು ಬೆರಳ ತುದಿಯಲ್ಲಿ ಮುಟ್ಟಿದಳು.

“ಅಮ್ಮ, ಮಡಿಕೆ ಬಿಚ್ಚಿದ್ರೆ ತಾನೆ ಮರದ ಸುತ್ತ ಸಾಲೋದು?”

ತಾಯಿ ಸ್ವೆಟರನ್ನು ಮೆಲ್ಲಗೆ ಚೀಲದೊಳಗೆ ಇಳಿಸಿದರು. ಅಷ್ಟರಲ್ಲಿ ಗೇಟು ತೆರೆಯಿತು.

“ಬಿಚ್ಚೋಣ. ಮರದ ಹತ್ರ ಹೋದ್ಮೇಲೆ ಬಿಚ್ಚೋಣ. ಅಲ್ಲೀವರೆಗೂ ಹಾಗೇ ಇರ್ಲಿ.”

ಚೀಲವನ್ನು ಎದೆಗೆ ಒತ್ತಿಕೊಂಡು ತಾಯಿ ಒಳಗೆ ನಡೆದರು. ಮಗಳು ಅವರ ಮೊಣಕೈ ಹಿಡಿದುಕೊಂಡಳು.